ನರದ ನೋವಿಗೂ ಮದ್ದುಂಟು
(ಕುಷ್ಟಗಿಯ ಅನುಭಾವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸ)



ನಾನು ವೈದ್ಯನಲ್ಲ, ನಿವೃತ್ತ ಸರ್ಕಾರಿ ಎಂಜಿನಿಯರ್. ಎರೆ ನೆಲದ ಮನೆಯ ಗೋಡೆ ಬಿರುಕು ಬಿಟ್ಟರೆ ನಾವು ಬುನಾದಿ ಪರೀಕ್ಷಿಸುತ್ತೇವೆ. ಕ್ಯಾನ್ಸರ್ ಉಲ್ಬಣಿಸಿದವರ ನರದ ನೋವೂ ಹೀಗೆಯೇ. ಗಡ್ಡೆ ಸೊಂಟದ ನರವನ್ನು ಒತ್ತಿದರೆ ಉರಿಯುವುದು ಕಾಲು. ಕೆಲವು ಕಿಮೊಥೆರಪಿ ಔಷಧಿಗಳಿಂದಲೂ ಅಂಗೈ, ಅಂಗಾಲು ಉರಿಯುತ್ತವೆ.

ನಮ್ಮ ಅಕ್ಕನಿಗೆ ಸ್ತನ ಕ್ಯಾನ್ಸರ್ ಬಗಲಿನ ನರಗಳಿಗೆ ಹಬ್ಬಿತ್ತು. "ತಮ್ಮಾ, ಕೈಗೆ ಖಾರ ಅರೆದು ಹಚ್ಚಿದಂಗ ಉರೀತೈತಿ, ಸೆರಗು ತಾಗಿದ್ರೂ ತಡಕೊಳ್ಳಾಕ ಆಗವಲ್ದು" ಅನ್ನುತ್ತಿದ್ದಳು. ನೋಡಲು ಬಂದವರು, "ಹಿಂದಿನ ಜನ್ಮದ ಕರ್ಮ, ಉಣ್ಣಬೇಕು" ಎಂದರು. ಆಕೆ ಹೇಳಿದ ಮಾತನ್ನೇ ವೈದ್ಯರ ಮುಂದಿಟ್ಟೆವು. ಅವರು ಕೈಯನ್ನು ಹತ್ತಿಯಿಂದ ಮುಟ್ಟಿ ನೋಡಿ, ಇದು ನರದ ನೋವು ಎಂದು ಔಷಧಿ ಬದಲಿಸಿದರು. ನೋವು ಪೂರ್ತಿ ಹೋಗಲಿಲ್ಲ. ಆದರೆ ಹತ್ತು ದಿನದಲ್ಲಿ ಆಕೆ ರಾತ್ರಿ ನಿದ್ದೆ ಮಾಡಿದಳು. ಕೊನೆಯ ನಾಲ್ಕು ತಿಂಗಳು ಮೊಮ್ಮಕ್ಕಳೊಡನೆ ಮಾತಾಡಿಕೊಂಡಿದ್ದಳು.

ಆದ್ದರಿಂದ ವೈದ್ಯರಿಗೆ ಬರೀ "ನೋವು" ಎನ್ನಬೇಡಿ. ಉರಿಯೋ, ಕರೆಂಟ್ ಹೊಡೆದಂತೆಯೋ, ಸೂಜಿ ಚುಚ್ಚಿದಂತೆಯೋ, ಇರುವೆ ಹರಿದಂತೆಯೋ, ಜೋಮು ಹಿಡಿದಿದೆಯೋ ಬಿಡಿಸಿ ಹೇಳಿ. ಎಲ್ಲಿಂದ ಎಲ್ಲಿಗೆ ಹರಿಯುತ್ತದೆಂದು ಬೆರಳಿಟ್ಟು ತೋರಿಸಿ. ರೋಗನಿರ್ಣಯದ ಅರ್ಧ ಕೆಲಸ ಅಲ್ಲಿಯೇ ಆಗುತ್ತದೆ.

ಸಾಮಾನ್ಯ ನೋವಿನ ಮಾತ್ರೆ ಈ ನೋವಿಗೆ ಹೆಚ್ಚು ನಾಟುವುದಿಲ್ಲ. ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್, ಅಮಿಟ್ರಿಪ್ಟಿಲಿನ್, ಡ್ಯುಲೊಕ್ಸೆಟಿನ್ ಇವುಗಳಲ್ಲಿ ಒಂದನ್ನು ಸಣ್ಣ ಪ್ರಮಾಣದಿಂದ ಆರಂಭಿಸಿ ನಿಧಾನವಾಗಿ ಏರಿಸುತ್ತಾರೆ. ಗುಣ ಕಾಣಲು ಒಂದೆರಡು ವಾರ ಬೇಕಾಗಬಹುದು. ಮೊದಮೊದಲು ತೂಕಡಿಕೆ, ತಲೆಸುತ್ತು ಬರಬಹುದು. "ಇದು ಮೂರ್ಛೆರೋಗದ ಮಾತ್ರೆ, ಇದು ಮನೋರೋಗದ ಮಾತ್ರೆ" ಎಂದು ಯಾರೋ ಹೇಳಿದರೆಂದು ನೀವಾಗಿಯೇ ನಿಲ್ಲಿಸಬೇಡಿ. ಆ ಔಷಧಿಗಳೇ ನರದ ನೋವನ್ನೂ ತಣಿಸುತ್ತವೆ. ಕೆಲವರಿಗೆ ಸ್ಟೆರಾಯ್ಡ್, ಕೆಲವರಿಗೆ ವಿಕಿರಣ ಚಿಕಿತ್ಸೆ ಬೇಕಾಗುತ್ತದೆ.

ನೋವು ತೀವ್ರವಾದರೆ ಜೊತೆಗೆ ಮಾರ್ಫಿನ್ ಕೊಡುತ್ತಾರೆ. ವೈದ್ಯರು ಅಳತೆ ಮಾಡಿ ಕೊಟ್ಟ ಮಾರ್ಫಿನ್ ಸಾವನ್ನು ಹತ್ತಿರ ತರುವುದಿಲ್ಲ. ಮಲಬದ್ಧತೆ ಆಗುವುದರಿಂದ ಅದಕ್ಕೂ ಮದ್ದು ಕೇಳಿ ಪಡೆಯಿರಿ. 2014ರಲ್ಲಿ ಮಾದಕ ವಸ್ತುಗಳ ಕಾಯ್ದೆಗೆ ತಿದ್ದುಪಡಿಯಾಗಿ, ನೋವಿನ ರೋಗಿಗಳಿಗೆ ಇದನ್ನು ಒದಗಿಸುವ ನಿಯಮಗಳು ಸರಳವಾಗಿವೆ. ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ, ಕಲಬುರಗಿಯ ಕಿದ್ವಾಯಿ ಕೇಂದ್ರ ನಮಗೆ ದೂರವೇ ಸರಿ. ಹೋದಾಗ ಉಪಶಾಮಕ ಚಿಕಿತ್ಸೆಯನ್ನು ವಿಚಾರಿಸಿ, ಚೀಟಿಯಲ್ಲಿ ಸ್ಪಷ್ಟವಾಗಿ ಬರೆಸಿಕೊಂಡು ಬನ್ನಿ.

ಒಂದು ಎಚ್ಚರಿಕೆ. ಬೆನ್ನುನೋವಿನ ಜೊತೆ ಕಾಲಿನ ಶಕ್ತಿ ಕುಂದಿದರೆ, ಮೂತ್ರ ಕಟ್ಟಿದರೆ, ನಾಳೆ ನೋಡೋಣವೆನ್ನದೆ ಅಂದೇ ಆಸ್ಪತ್ರೆಗೆ ಒಯ್ಯಿರಿ. ಬೆನ್ನುಹುರಿ ಒತ್ತಿಹೋಗಿದ್ದರೆ ತಡವಾದಷ್ಟೂ ಕಾಲು ಮರಳಿ ಬರುವುದು ಕಷ್ಟ.

ರೋಗ ವಾಸಿಯಾಗದಿದ್ದರೂ ನೋವು ತಗ್ಗಿಸಬಹುದು. ನರಳುವವರ ಪಕ್ಕ ಕುಳಿತು "ಹೆಂಗ ನೋಯತೈತಿ?" ಎಂದು ಕೇಳುವುದೂ ದಾಸೋಹವೇ.