ಬೇಸ್ ಎಲ್ಲಿ ಹೋಯಿತು?

ಮಕ್ಕಳೇ, ನಮ್ಮ ಕೊರಟಗೆರೆ ತಾಲ್ಲೂಕಿಗೆ ನಾಲ್ಕು ಹೋಬಳಿ: ಕಸಬಾ, ಹೊಳವನಹಳ್ಳಿ, ಚನ್ನರಾಯನದುರ್ಗ, ಕೋಳಾಲ. ಹೊಳವನಹಳ್ಳಿಯ ನೀವು ನಾಲ್ಕೂ ಹೋಬಳಿಗಳ ಮಳೆ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಇಡಲು ಹೊರಟಿದ್ದೀರಿ ಅಂದುಕೊಳ್ಳಿ. ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು. ನಮ್ಮಂಥ ಒಣಸೀಮೆಯಲ್ಲಿ ಇದು ಸಣ್ಣ ಲೆಕ್ಕವಲ್ಲ.

ಪ್ರತಿ ಸಾಲಿನಲ್ಲೂ ಹೋಬಳಿಯ ಹೆಸರು ಬರೆಯುತ್ತ ಹೋದರೆ ಒಬ್ಬರು ‘ಚನ್ನರಾಯನದುರ್ಗ’ ಅನ್ನುತ್ತಾರೆ, ಇನ್ನೊಬ್ಬರು ‘ಚೆನ್ನರಾಯನದುರ್ಗ’ ಅನ್ನುತ್ತಾರೆ. ನಮಗೆ ಎರಡೂ ಒಂದೇ ಊರು, ಕಂಪ್ಯೂಟರಿಗೆ ಬೇರೆ ಬೇರೆ. ವರ್ಷದ ಮಳೆ ಕೂಡಿಸುವಾಗ ಒಂದು ಹೋಬಳಿಯ ನೀರು ಎರಡು ಕಡೆ ಹಂಚಿಹೋಗುತ್ತದೆ!

ಇದಕ್ಕೆ ಉಪಾಯವುಂಟು. ಹೋಬಳಿಗಳಿಗೆ ಒಂದು ಪಟ್ಟಿ ಮಾಡಿ, ಒಂದೊಂದಕ್ಕೂ ಒಂದು ಸಂಖ್ಯೆ ಕೊಡಿ. ಮಳೆಯ ಪಟ್ಟಿಯಲ್ಲಿ ತಾರೀಖು, ಹೋಬಳಿಯ ಸಂಖ್ಯೆ, ಎಷ್ಟು ಮಿಲಿಮೀಟರ್, ಇಷ್ಟೇ ಇರಲಿ. ಹೆಸರು ಒಂದೇ ಕಡೆ ಇರುವುದರಿಂದ ತಿದ್ದುವುದೂ ಒಂದೇ ಕಡೆ. ಹೀಗೆ ಪಟ್ಟಿಗಳನ್ನು ಪರಸ್ಪರ ಜೋಡಿಸುವ ವಿಧಾನವನ್ನು 1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಲೋಕಕ್ಕೆ ತಿಳಿಸಿದರು. ಅಂಥ ಪಟ್ಟಿಗಳ ಕೂಟವೇ ಡೇಟಾಬೇಸ್. ಲಿಬ್ರೆಆಫೀಸ್ ಎಂಬ ತಂತ್ರಾಂಶಗಳ ಕಟ್ಟಿನಲ್ಲಿ ಈ ಕೆಲಸ ಮಾಡುವ ತಂತ್ರಾಂಶದ ಹೆಸರು ಬೇಸ್.

ಉಬುಂಟು ಲಿನಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆ ಇರುವ ಕಂಪ್ಯೂಟರಿನಲ್ಲಿ ಬೇಸ್ ಹುಡುಕಿ ನೋಡಿ. ಪತ್ರ ಬರೆಯುವ ರೈಟರ್, ಲೆಕ್ಕದ ಕ್ಯಾಲ್ಕ್ ಸಿಗಬಹುದು, ಬೇಸ್ ಮಾತ್ರ ಕಾಣುವುದಿಲ್ಲ. ಕಂಪ್ಯೂಟರ್ ಕೆಟ್ಟಿದೆಯೇ ಎಂದು ಹೆದರಬೇಡಿ. ಉಬುಂಟು ಅದನ್ನು ಮೊದಲೇ ಹಾಕಿ ಕೊಡುವುದಿಲ್ಲ, ಅಷ್ಟೆ. ಬೇಕಾದವರು ತರಿಸಿಕೊಳ್ಳಬಹುದು, ದುಡ್ಡಿಲ್ಲದೆ.

ಲ್ಯಾಬಿನ ಮೇಷ್ಟ್ರನ್ನು ಜೊತೆಗಿಟ್ಟುಕೊಳ್ಳಿ, ಇಂಟರ್‌ನೆಟ್ ಇರಲಿ. ಆದೇಶ ಬರೆಯುವ ಕಿಟಕಿಯಾದ ಟರ್ಮಿನಲ್ ತೆರೆದು ಮೊದಲು ‘ಸುಡೊ ಆಪ್ಟ್ ಅಪ್‌ಡೇಟ್’, ಅದು ಮುಗಿದ ಮೇಲೆ ‘ಸುಡೊ ಆಪ್ಟ್ ಇನ್‌ಸ್ಟಾಲ್ ಲಿಬ್ರೆಆಫೀಸ್-ಬೇಸ್’ ಎಂದು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಬರೆಯಿರಿ. ಕೊನೆಯ ಹೆಸರಿನ ನಡುವೆ ಅಡ್ಡಗೆರೆ ಇರಬೇಕು, ಜಾಗ ಬಿಡಬಾರದು. ಆಗ ಕಂಪ್ಯೂಟರ್ ಕೇಳುವ ಪಾಸ್‌ವರ್ಡ್ ಒತ್ತುವಾಗ ಪರದೆಯ ಮೇಲೆ ಚುಕ್ಕಿಯೂ ಮೂಡದಿರಬಹುದು. ಹೊಸಬರು ಇಲ್ಲೇ ಗಾಬರಿಯಾಗುವುದು. ಕೀಲಿಮಣೆ ಸರಿಯಾಗಿಯೇ ಇದೆ. ಪಕ್ಕದಲ್ಲಿ ನಿಂತವರಿಗೆ ಅಕ್ಷರಗಳ ಎಣಿಕೆಯೂ ತಿಳಿಯದಿರಲಿ ಎಂದು ಹಾಗೆ ಮಾಡಿದ್ದಾರೆ.

ಈಗ ನನಗೆ ಬಹಳ ಇಷ್ಟವಾದ ಭಾಗ. ನೀವು ಕೇಳಿದ್ದು ಒಂದು, ಪರದೆಯ ಮೇಲೆ ಬರುವ ಹೆಸರುಗಳು ಹಲವು. ಮುದ್ದೆಗೆ ರಾಗಿಹಿಟ್ಟೊಂದಿದ್ದರೆ ಸಾಲದು, ಎಸರು ಬೇಕು, ಪಾತ್ರೆ ಬೇಕು, ಕೋಲು ಬೇಕು. ಹಾಗೆಯೇ ಬೇಸ್‌ನಲ್ಲಿ ಮಾಹಿತಿ ಕೂಡಿಡುವ ಎಚ್‌ಎಸ್‌ಕ್ಯೂಎಲ್‌ಡಿಬಿ ಎಂಬ ಭಾಗಕ್ಕೆ ಜಾವಾ ಎಂಬ ಇನ್ನೊಂದು ತಂತ್ರಾಂಶ ಬೇಕು. ತಂತ್ರಾಂಶದ ಪ್ರತಿಯೊಂದು ಪೊಟ್ಟಣದ ಜೊತೆಗೂ ‘ನನಗೆ ಇಂಥಿಂಥವು ಬೇಕು’ ಎಂಬ ಚೀಟಿ ಇರುತ್ತದೆ. ಪೊಟ್ಟಣಗಳನ್ನು ತರುವ ಆಪ್ಟ್ ಆ ಚೀಟಿ ಓದುತ್ತದೆ, ಅದರಲ್ಲಿರುವ ಪೊಟ್ಟಣಗಳ ಚೀಟಿಗಳನ್ನೂ ಓದುತ್ತದೆ. ಈಗಾಗಲೇ ಇರುವುದನ್ನು ಬಿಟ್ಟು, ಇಲ್ಲದ್ದನ್ನು ಮಾತ್ರ ತರುತ್ತದೆ. ಬಂದ ಪೊಟ್ಟಣ ದಾರಿಯಲ್ಲಿ ಬದಲಾಗಿಲ್ಲವೇ ಎಂದು ಗಣಿತದ ಗುರುತಿನಿಂದ ಪರೀಕ್ಷಿಸುತ್ತದೆ. ನೀವು ‘ವೈ’ ಒತ್ತಿ ಒಪ್ಪಿಗೆ ಕೊಟ್ಟರೆ ಸಾಕು.

ಮುಗಿದ ಮೇಲೆ ಬೇಸ್ ತೆರೆಯಿರಿ, ಹೊಸ ಡೇಟಾಬೇಸ್ ಎಂಬುದನ್ನು ಆರಿಸಿ, ಕಡತಕ್ಕೆ ಹೆಸರು ಕೊಟ್ಟು ಉಳಿಸಿ. ಮೊದಲು ಹೋಬಳಿಗಳ ಪಟ್ಟಿ ಮಾಡಿ, ಆಮೇಲೆ ಮಳೆಯದು. ಎರಡನ್ನೂ ಸಂಖ್ಯೆಯಿಂದ ಜೋಡಿಸಿದರೆ, ಕೋಳಾಲದಲ್ಲಿ ಮುಂಗಾರಿನಲ್ಲಿ ಎಷ್ಟು ಸುರಿಯಿತು, ಹೊಳವನಹಳ್ಳಿಯಲ್ಲಿ ಹಿಂಗಾರಿನಲ್ಲಿ ಎಷ್ಟು ಎಂದು ನೀವೇ ಬೇಸ್ ಅನ್ನು ಕೇಳಬಹುದು.