ಅಜ್ಜಿಯ ಪೆಟ್ಟಿಗೆಯ ಬೆಳ್ಳಿ ರೂಪಾಯಿ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಎಷ್ಟೋ ಮನೆಗಳಲ್ಲಿ ಅಜ್ಜಿಯ ಕಾಲದ ಬೆಳ್ಳಿ ರೂಪಾಯಿ ನಾಲ್ಕಾರಾದರೂ ಉಳಿದಿರಬಹುದು. ಅವನ್ನು ತೂಕಕ್ಕೆ ಹಾಕಿ ಕರಗಿಸುವ ಮೊದಲು ಒಂದು ಗಳಿಗೆ ನೋಡಿರಿ.

ಐದನೆಯ ಜಾರ್ಜ್ ದೊರೆಯ 1911ರ ರೂಪಾಯಿ ಸಿಕ್ಕರೆ ಭೂತಕನ್ನಡಿ ಹಿಡಿಯಿರಿ. ದೊರೆಯ ನಿಲುವಂಗಿಯ ಮೇಲೆ ಪುಟ್ಟದೊಂದು ಆನೆಯಿದೆ. ಅದರ ಸೊಂಡಿಲು ಮೋಟಾಗಿ, ಜನರ ಕಣ್ಣಿಗೆ ಅದು ಹಂದಿಯಂತೆ ಕಂಡಿತು, ಮನಸ್ಸುಗಳು ನೊಂದವು. 1912ರ ನಾಣ್ಯಕ್ಕೆ ಸರ್ಕಾರ ಅಚ್ಚು ತಿದ್ದಿ ಸೊಂಡಿಲನ್ನು ಸ್ಪಷ್ಟಗೊಳಿಸಿತು. ಮೊದಲಿನವು ಬಹುಪಾಲು ಕುಲುಮೆ ಸೇರಿದವು. ಇದು ಅಚ್ಚಿನ ಭೇದ.

ಟಂಕಸಾಲೆಯ ತಪ್ಪು ಬೇರೆ. ಹೊಡೆದ ನಾಣ್ಯ ಅಚ್ಚಿಗೇ ಅಂಟಿಕೊಂಡರೆ, ಮುಂದಿನ ಬಿಲ್ಲೆಯ ಒಂದು ಮುಖ ಸರಿಯಾಗಿ ಉಬ್ಬಿ, ಇನ್ನೊಂದರಲ್ಲಿ ಅದೇ ಚಿತ್ರ ಕನ್ನಡಿಯೊಳಗಿನಂತೆ ತಿರುಗಿ ತಗ್ಗಾಗಿ ಮೂಡುತ್ತದೆ. ಸವೆದದ್ದು, ಅರ ಉಜ್ಜಿದ್ದು, ಸರಕ್ಕೆಂದು ಕೊಂಡಿ ಬೆಸೆದದ್ದು ಆಮೇಲಿನ ಗಾಯಗಳು. ಅವನ್ನು ಅಪರೂಪವೆಂದು ಮಾರಲು ಬಂದವರನ್ನು ನಂಬಬೇಡಿರಿ.

ಈ ರೂಪಾಯಿಯ ತೂಕ ಒಂದು ತೊಲ, ಎಂದರೆ ಸುಮಾರು 11.66 ಗ್ರಾಂ. ಅಯಸ್ಕಾಂತಕ್ಕೆ ಅಂಟಿದರೆ ಖೋಟಾ ಎಂದೇ ತಿಳಿಯಿರಿ. ಹುಣಿಸೆಹಣ್ಣು ಹಚ್ಚಿ ತಿಕ್ಕಬೇಡಿರಿ. ಹೊಳಪು ಬಂದೀತು, ಗುರುತು ಅಳಿದೀತು. ಕರಗಿದ ಬೆಳ್ಳಿ ಮತ್ತೆ ಸಿಕ್ಕೀತು, ಆ ಆನೆ ಸಿಕ್ಕದು.