ಕೋಳಿಗೂ ಪಾಠ ಹೇಳಬಹುದು
(ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಿಮ್ಮ ಮನೆಯಲ್ಲಿ ಕೋಳಿ ಇದೆಯೇ? ಇದ್ದರೆ ಅದಕ್ಕೆ ಕಾಳು ಹಾಕುವವರು ಯಾರು, ಕೋಲು ಹಿಡಿದು ಓಡಿಸುವವರು ಯಾರು ಎಂದು ಒಮ್ಮೆ ನೆನಪಿಸಿಕೊಳ್ಳಿ. ಹೆಚ್ಚಿನ ಮನೆಗಳಲ್ಲಿ ಕಾಳು ಹಾಕುವುದು ಅಜ್ಜಿ, ಓಡಿಸುವುದು ಮಕ್ಕಳು. ನಾನೂ ಓಡಿಸುವವರ ಗುಂಪಿನವನೇ. ಏಳೆಂಟು ವರ್ಷದವನಿದ್ದಾಗ ಮೀನಿನ ತಟ್ಟೆಗೆ ಬಾಯಿ ಹಾಕಿದ ಬೆಕ್ಕಿಗೆ ಪೊರಕೆಯಿಂದ ಬಾರಿಸಿದ್ದೆ. ಅದು ಕದಿಯುವುದನ್ನೇನೂ ಬಿಡಲಿಲ್ಲ, ನಾನು ಇಲ್ಲದಾಗ ಕದಿಯತೊಡಗಿತು. ನನ್ನ ಮಡಿಲಲ್ಲಿ ಬಂದು ಮಲಗುವುದನ್ನು ಮಾತ್ರ ಬಿಟ್ಟಿತು. ನಾನು ಅದಕ್ಕೆ ಕಲಿಸಿದ್ದು ಅಷ್ಟೇ.

ಪೆಟ್ಟಿಲ್ಲದೆ ಕಲಿಸಬಹುದೆಂಬುದು ಹೊಸ ಮಾತಲ್ಲ. ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಇಲಿಗಳ ಮೇಲೆ ನಡೆಸಿದ ಪ್ರಯೋಗಗಳನ್ನು 1938ರ ತಮ್ಮ ಗ್ರಂಥದಲ್ಲಿ ವಿವರಿಸಿದರು. ಯಾವ ಕೆಲಸದ ಬೆನ್ನಿಗೇ ಪ್ರತಿಫಲ ಸಿಗುತ್ತದೋ ಆ ಕೆಲಸವನ್ನು ಪ್ರಾಣಿ ಮತ್ತೆ ಮತ್ತೆ ಮಾಡುತ್ತದೆ. ಅವರ ಬಳಿ ಕಲಿತ ಕೆಲ್ಲರ್ ಮತ್ತು ಮೇರಿಯನ್ ಬ್ರೆಲಂಡ್ ದಂಪತಿ ಇದನ್ನೇ ಜೀವನೋಪಾಯ ಮಾಡಿಕೊಂಡು, ಕೋಳಿಗಳಿಂದ ಪಿಯಾನೋ ಕೂಡ ನುಡಿಸಿದರು! ಮುಂದೆ ಬಾಬ್ ಬೈಲಿ ಎಂಬವರು ನಾಯಿ ತರಬೇತುದಾರರಿಗೆ ಪಾಠ ಹೇಳಲು ಕೋಳಿಗಳನ್ನೇ ಬಳಸಿದರು. ಏಕೆಂದರೆ ಕೋಳಿ ಬಹಳ ಚುರುಕು. ಕಾಳು ಒಂದು ಕ್ಷಣ ತಡವಾದರೂ ಅದು ಬೇರೇನನ್ನೋ ಕಲಿತಿರುತ್ತದೆ.

ಮಕ್ಕಳೇ, ನೀವು ಹೀಗೆ ಮಾಡಿ. ಒಂದು ಕೋಲಿನ ತುದಿಗೆ ಬಾಟಲಿಯ ಕೆಂಪು ಮುಚ್ಚಳ ಅಂಟಿಸಿ. ಗುಂಡಿ ಒತ್ತುವ ಬಾಲ್‌ಪೆನ್ನು ಒಂದಿರಲಿ. ಮೊದಲು ಪೆನ್ನಿನ ಟಿಕ್ ಸದ್ದು ಮಾಡಿ, ಕೂಡಲೇ ಒಂದೆರಡು ಕಾಳು ಕೊಡಿ. ಹತ್ತು ಹದಿನೈದು ಸಲ ಹೀಗೆ ಮಾಡಿದರೆ ಟಿಕ್ ಎಂದರೆ ಕಾಳು ಬಂತು ಎಂದು ಅದಕ್ಕೆ ತಿಳಿಯುತ್ತದೆ. ಆಮೇಲೆ ಮುಚ್ಚಳ ತೋರಿಸಿ. ಅದರತ್ತ ನೋಡಿದರೆ ಟಿಕ್, ಕಾಳು. ಒಂದು ಹೆಜ್ಜೆ ಹತ್ತಿರ ಬಂದರೆ ಟಿಕ್, ಕಾಳು. ಕೊನೆಗೆ ಕೊಕ್ಕಿನಿಂದ ಕುಟ್ಟಿದಾಗ ಮಾತ್ರ. ತಪ್ಪಿದರೆ ಗದರಬೇಡಿ, ಟಿಕ್ ಅನ್ನಬೇಡಿ, ಅಷ್ಟೇ. ಐದು ನಿಮಿಷ ಸಾಕು. ಕಾಳಿಗೆ ಬರಲೆಂದು ಉಪವಾಸ ಕೆಡವುವುದು ಸಲ್ಲದು. ಬೆಳಗಿನ ಮೇವಿಗೆ ಮುಂಚಿನ ಹೊತ್ತು ಒಳ್ಳೆಯದು. ಬಾಗಿಲು ತೆರೆದೇ ಇರಲಿ, ಬೇಡವೆನಿಸಿದರೆ ಅದು ಹೋಗಲಿ.

ನಮ್ಮ ಮನೆಯ ಹೇಂಟೆ ಮುಚ್ಚಳ ಕುಟ್ಟಲು ಮೂರು ದಿನ ತೆಗೆದುಕೊಂಡಿತು. ಎರಡನೇ ದಿನ ಅದು ಮುಚ್ಚಳ ಬಿಟ್ಟು ನನ್ನ ಚಪ್ಪಲಿ ಕುಟ್ಟತೊಡಗಿತು. "ಎಂಥ ದಡ್ಡ ಕೋಳಿ" ಎಂದೆ. ಮಗಳು, "ಅಬ್ಬಾ, ನೀವು ಟಿಕ್ ಮಾಡಿದ್ದು ತಡವಾಯ್ತು, ಅದು ಆಗ ಚಪ್ಪಲಿ ನೋಡ್ತಿತ್ತು" ಎಂದಳು. ಅವಳು ಹೇಳಿದ್ದು ಸರಿ. ಇಪ್ಪತ್ತು ವರ್ಷ ತರಗತಿಯಲ್ಲಿ ನಿಂತ ನಾನು ಎಷ್ಟು ಮಕ್ಕಳನ್ನು ದಡ್ಡರೆಂದಿದ್ದೇನೋ ಎಂಬ ಲೆಕ್ಕ ಅಂದು ರಾತ್ರಿ ನನ್ನನ್ನು ಮಲಗಗೊಡಲಿಲ್ಲ. ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ, ಅದು ನಮಗೆಲ್ಲ ಗೊತ್ತು. ನಾಲಗೆಯ ಪೆಟ್ಟಿನ ಮಾತು ಬೇರೆ.

ಎಲ್ಲವನ್ನೂ ಕಲಿಸಬಹುದೆಂಬ ಭ್ರಮೆಯೂ ಬೇಡ. ಬ್ರೆಲಂಡ್ ದಂಪತಿ ರಕೂನ್ ಎಂಬ ಪ್ರಾಣಿಗೆ ನಾಣ್ಯವನ್ನು ಡಬ್ಬಿಗೆ ಹಾಕಲು ಕಲಿಸಹೊರಟರು. ಎರಡು ನಾಣ್ಯ ಕೊಟ್ಟೊಡನೆ ಅದು ಡಬ್ಬಿ ಮರೆತು ಅವನ್ನು ಒಂದಕ್ಕೊಂದು ಉಜ್ಜುತ್ತ ಕುಳಿತಿತು. ಆಹಾರವನ್ನು ಕೈಯಲ್ಲಿ ಉಜ್ಜಿ ತೊಳೆಯುವಂತೆ ಮಾಡುವುದು ಅದರ ಹುಟ್ಟುಗುಣ. 1961ರಲ್ಲಿ ಅವರು ಇದನ್ನು ಸಂಕೋಚವಿಲ್ಲದೆ ಬರೆದು ಪ್ರಕಟಿಸಿದರು.

ಬೆಕ್ಕಿಗಾದರೆ ಚೂರು ಮೀನು, ಮೊಲಕ್ಕಾದರೆ ಎಳೆ ಸೊಪ್ಪು, ಕ್ರಮ ಒಂದೇ. ಮೊಲವನ್ನು ಕಿವಿ ಹಿಡಿದು ಎತ್ತಬಾರದು. ಗಿಳಿ ತಂದುಕೊಡಿ ಎಂದು ಮಕ್ಕಳು ಹಟ ಮಾಡಿದರೆ ಒಪ್ಪಬೇಡಿ, ನಮ್ಮ ನಾಡಿನ ಗಿಳಿಗಳನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಆಟ ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಲು ಹೇಳಿ. ಮತ್ತೆ, ಆ ಬಾಲ್‌ಪೆನ್ನು ಶಾಲೆಯ ಚೀಲಕ್ಕೆ ಹೋಗದಂತೆ ನೋಡಿಕೊಳ್ಳಿ. ನನ್ನ ತರಗತಿಯಲ್ಲೀಗ ದಿನವಿಡೀ ಟಿಕ್ ಟಿಕ್!